ಚಿಗರಿ ಕಟ್ಟಿದ ಗೂಟ

ನಮ್ಮ ಮನೆಯ ಕೊಟ್ಟಿಗೆಯಲ್ಲಿ ಗೂಟಗಳು ಐದು, ಕಟ್ಟಲು ಇದ್ದ ಜೀವಗಳು ನಾಲ್ಕು. ಎರಡು ಎತ್ತು, ಒಂದು ಎಮ್ಮೆ, ಒಂದು ಆಡು. ಐದನೆಯ ಗೂಟ ತಲೆಬಾಗಿಲು ದಾಟಿದ ಕೂಡಲೇ ಎಡಕ್ಕಿತ್ತು. ಹೊಸಬರು ಯಾರೇ ಬರಲಿ, ಅದಕ್ಕೆ ಎಡವದೆ ಒಳಗೆ ಬಂದದ್ದನ್ನು ನಾನು ಕಾಣೆ. ಅಣ್ಣಿಗೇರಿ ದಾಟಿ ನವಲಗುಂದದ ಕಡೆ ಹಾಸಿಕೊಂಡಿರುವ ಕರಿಮಣ್ಣಿನ ಎರಿ ಹೊಲಗಳ ನಡುವೆ ನಮ್ಮೂರು. ನಮ್ಮ ಕಡೆ ದನಕ್ಕೊಂದು ಮನೆ, ಮನುಷ್ಯರಿಗೊಂದು ಮನೆ ಎಂದು ಇರುವುದಿಲ್ಲ. ಬಾಗಿಲು ದಾಟಿದರೆ ಮೊದಲು ಕೊಟ್ಟಿಗೆ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಪಡಸಾಲೆಯ ಅಂಚಿಗೆ ಕೂತು ಉಂಡರೆ ಎದುರಿಗೆ ಎತ್ತುಗಳು ಮೆಲುಕು ಹಾಕುತ್ತಿರುತ್ತವೆ. ನಾನು ಕೈತುತ್ತು ಬಿಟ್ಟು ಸ್ವಂತ ಕೈಯಿಂದ ಉಣ್ಣಲು ಕಲಿತದ್ದೇ ಹಾಗೆ, ಎತ್ತುಗಳ ಮುಖ ನೋಡುತ್ತಾ. ಮಾತಾಡದವರ ಎದುರಿಗೆ ಕೂತು ಉಣ್ಣುವ ರೂಢಿ ನನಗೆ ಇವತ್ತಿಗೂ ಇದೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ಡಬ್ಬಿ ಬಿಚ್ಚಿ ನಗುತ್ತಿದ್ದರೆ ನಾನು ಕಿಟಕಿಯ ಕಡೆ ಮುಖ ಮಾಡಿ ರೊಟ್ಟಿ ಮುರಿಯುತ್ತೇನೆ. ಸೊಕ್ಕು ಅಂದುಕೊಂಡವರಿದ್ದಾರೆ. ಅನ್ನಲಿ.

ಅವ್ವ ಹೋದ ಮರುವರ್ಷ ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಬೇರೆಯಾದರು. ಬೇರೆಯಾದದ್ದು ಒಲೆ ಮಾತ್ರ. ಬಾಗಿಲು ಒಂದೇ, ಕೊಟ್ಟಿಗೆ ಒಂದೇ. ಪಡಸಾಲೆಯ ನಡುವೆ ಮಣ್ಣಿನ ಗೋಡೆಯೊಂದು ಎದ್ದಿತು. ಮಾಳಿಗೆಯ ಬೆಳಕಿಂಡಿ ಕಾಕಾನ ಪಾಲಿಗೆ ಹೋಯಿತು, ನಮ್ಮ ಪಾಲಿಗೆ ದೇವರ ಜಗುಲಿ ಬಂತು. ದೇವರಿಗೆ ಬೆಳಕಿಲ್ಲದೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಗಲಲ್ಲೇ ದೀಪ ಹಚ್ಚುತ್ತಿದ್ದಳು. ಹಚ್ಚುವಾಗ ಗೋಡೆಗೆ ಕೇಳುವಂತೆ ಒಂದು ಮಾತು ಬಿಡುತ್ತಿದ್ದಳು.

"ಸೂರ್ಯಾನ್ನೂ ಪಾಲ ಮಾಡ್ಕೊಂಡಾರವ್ವಾ ಪುಣ್ಯಾತ್ಮರು!"

ಗೋಡೆಯಾಚೆಯಿಂದ ಕಾಕಿ ಬಿಡುತ್ತಿರಲಿಲ್ಲ.

"ದೇವರ ನಿಮ್ಮ ಕಡೇನ ಅದಾನಲ್ರಿ ಅತ್ತಿ, ಕೇಳ್ರಿ, ಒಂದ ಸೂರ್ಯಾನ್ನ ಕೊಡತಾನ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ದಿನವಿಡೀ ಹೀಗೆ ಮಾತಾಡಿಕೊಳ್ಳುತ್ತಿದ್ದರು. ಈಗ ಅನಿಸುತ್ತದೆ, ಆ ಮನೆಯಲ್ಲಿ ಒಬ್ಬಂಟಿಗಳಲ್ಲದವರು ಅವರಿಬ್ಬರೇ. ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆದರೆ ಮುಗಿಯಿತು, ಅವನ ಬಾಯಿಂದ ಎತ್ತುಗಳಿಗಷ್ಟೇ ಮಾತು. ಗೋಡೆಯಾಚೆ ಕಾಕಾನ ಮಕ್ಕಳು ನಕ್ಕದ್ದು ಕೇಳುತ್ತಿತ್ತು, ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಗೋಡೆಗೆ ಬೆನ್ನು ಹಚ್ಚಿ ಕೂತು ಅವರ ನಗೆಗೆ ಕಾರಣ ಏನಿರಬಹುದೆಂದು ಯೋಚಿಸುತ್ತಿದ್ದೆ.

ಅವ್ವನ ನೆನಪು ನನಗೆ ಹೆಚ್ಚಿಲ್ಲ. ಎರಡನೇ ಹೆರಿಗೆಗೆಂದು ತವರಿಗೆ ಹೋದವಳು ಹಿಂದಿರುಗಲಿಲ್ಲ, ಕೂಸೂ ಉಳಿಯಲಿಲ್ಲ. ನನಗಾಗ ಐದು ವರ್ಷ. ಸುದ್ದಿ ಬಂದ ದಿನ ನಾನು ಅಳಲಿಲ್ಲವಂತೆ. ಬಂದ ಹೆಂಗಸರೆಲ್ಲ ನನ್ನನ್ನು ಎದೆಗೆ ಒತ್ತಿಕೊಂಡು ಅತ್ತರೂ ನಾನು ಅಳಲಿಲ್ಲ. ಆಮೇಲೂ ಅಳಲಿಲ್ಲ, ಬಿದ್ದರೂ ಅಳಲಿಲ್ಲ, ಚೇಳು ಕಡಿದಾಗಲೂ ಅಳಲಿಲ್ಲ ಎಂದು ಆಯಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು, ಹೆಮ್ಮೆಗೋ ಹೆದರಿಕೆಗೋ ಗೊತ್ತಾಗದ ದನಿಯಲ್ಲಿ. ಕೇಳಿದವರು ನನ್ನ ತಲೆಯ ಮೇಲೆ ಕೈಯಾಡಿಸಿ ಒಂದೇ ಮಾತು ಅನ್ನುತ್ತಿದ್ದರು. "ತಾಯಿಲ್ಲದ ಪರದೇಸಿ ಕೂಸು." ನಮ್ಮ ಕಡೆ ಪರದೇಸಿ ಅಂದರೆ ಬೇರೆ ದೇಶದವನಲ್ಲ, ದಿಕ್ಕಿಲ್ಲದವನು. ನನಗೆ ನೀಲವ್ವ ಅನ್ನುವ ಹೆಸರಿತ್ತು. ಆದರೆ ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿತ್ತೆಂದರೆ, ಅದೇ ನನ್ನ ಖರೆ ಹೆಸರು, ನೀಲವ್ವ ಅನ್ನುವುದು ಸಾಲಿಯ ಹಾಜರಿಗಷ್ಟೇ ಎಂದುಕೊಂಡಿದ್ದೆ.

ಹೊಲ ಕಾಯಲು ಅಪ್ಪ ನನಗೆ ಕವಣೆ ಬೀಸುವುದನ್ನು ಕಲಿಸಿದ. ನಡುವೆ ಕಲ್ಲಿಡುವ ಹೆಣಿಗೆ, ಎರಡು ಕಡೆ ಹಗ್ಗ, ಒಂದು ತುದಿ ಬೆರಳಿಗೆ ಸಿಕ್ಕಿಸಿ, ತಲೆಯ ಮೇಲೆ ಮೂರು ಸುತ್ತು ತಿರುಗಿಸಿ ಇನ್ನೊಂದು ತುದಿ ಬಿಟ್ಟರೆ ಕಲ್ಲು ಗುಂಯ್ ಎಂದು ಹೋಗುತ್ತದೆ. ಒಂಬತ್ತು ವರ್ಷಕ್ಕೇ ನಾನು ಆ ಕೆಲಸದಲ್ಲಿ ಗಂಡುಮಕ್ಕಳನ್ನು ಮೀರಿಸಿದ್ದೆ. ಕಾಯಬೇಕಾಗಿದ್ದುದು ಹೆಚ್ಚಾಗಿ ಚಿಗರಿಗಳಿಂದ. ಪುಸ್ತಕದಲ್ಲಿ ಕೃಷ್ಣಮೃಗ ಅನ್ನುತ್ತಾರೆ, ನಮಗದು ಚಿಗರಿ. ಗಿಡಮರ ಇಲ್ಲದ ಆ ಬಯಲಿನಲ್ಲಿ ಇಪ್ಪತ್ತು ಮೂವತ್ತರ ಹಿಂಡು ಮುಂಜಾನೆ ಬಂದು ಕಡಲೆಯ ಎಳೆ ಕುಡಿ ಮೇಯ್ದು ಹೋದರೆ ಆ ಪಟ್ಟೆ ಮತ್ತೆ ಏಳುತ್ತಿರಲಿಲ್ಲ. ರೈತರಿಗೆ ಅವು ಕಳ್ಳರು. ಚಂದದ ಕಳ್ಳರು. ಅವು ಜಿಗಿಯುವುದನ್ನು ನೋಡಲು ಅಪ್ಪ ಬೈಯುವುದನ್ನು ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ.

ಕಡಲೆ ಹೂವಿಗೆ ಬರುವ ಮುಂಚಿನ ದಿನಗಳು. ಕುಡಿ ಚಿವುಟಿದರೆ ಗಿಡ ಒಡೆದು ಹರಡುತ್ತದೆ, ಚಿವುಟಿದ ಕುಡಿ ಪಲ್ಲೆಗಾಗುತ್ತದೆ. ಅವತ್ತು ಸಾಲಿಗೆ ಸೂಟಿ, ರಜೆಯ ದಿನ. ನಾನು ಉಡಿ ಕಟ್ಟಿಕೊಂಡು ಸಾಲು ಹಿಡಿದು ಕುಡಿ ಚಿವುಟುತ್ತಿದ್ದೆ, ಅಪ್ಪ ಆಚೆ ಬದಿಯ ಜೋಳದಲ್ಲಿದ್ದ. ಮುಂಜಾನೆ ಹಿಂಡು ಬಂದಿತ್ತು, ಓಡಿಸಿದ್ದೆ. ಒಂದು ಹೆಣ್ಣು ಚಿಗರಿ ಮಾತ್ರ ಹೋಗಲಿಲ್ಲ. ಒಡ್ಡಿನ ಮೇಲೆ ಬಂದು ನಿಂತಿತು. ಕೂಗಿದೆ, ಹಿಂದೆ ಸರಿಯಿತು, ಮತ್ತೆ ಬಂತು. ಕಲ್ಲು ಬೀಸಿದೆ, ಓಡಿತು, ಮತ್ತೆ ಬಂತು. ಮೂರನೇ ಸಲ ನನ್ನ ಕಲ್ಲು ಅದರ ಪಕ್ಕೆಗೆ ಬಡಿದ ಸದ್ದು ನನಗೇ ಕೇಳಿಸಿತು. ಅದು ಆಳೆತ್ತರ ಜಿಗಿದು ಓಡಿ, ದೂರದ ಜಾಲಿ ಗಿಡದ ಬುಡದಲ್ಲಿ ನಿಂತು ತಿರುಗಿ ನೋಡಿತು.

"ಭಾಳ ಹಟಮಾರಿ ಐತಿ ನೋಡಪಾ ಅದು!" ಎಂದು ಕೂಗಿ ಹೇಳಿದೆ. ಅಪ್ಪ ಜೋಳದಿಂದ ತಲೆಯೆತ್ತಿ ಗಿಡದ ಕಡೆ ನೋಡಿದ.

ಅದಾದ ಸ್ವಲ್ಪ ಹೊತ್ತಿಗೆ, ಕಡಲೆಯ ಸಾಲಿನೊಳಗೆ, ನನ್ನ ಕಾಲ ಮುಂದೆಯೇ ಅದು ಮಲಗಿತ್ತು. ಮೊದಲು ಮಣ್ಣಿನ ಹೆಂಟೆ ಅಂದುಕೊಂಡೆ. ಕತ್ತು ನೆಲಕ್ಕೆ ಹಚ್ಚಿ, ಕಿವಿ ಬೆನ್ನಿಗೆ ಮಡಚಿ, ಕಣ್ಣು ಮಾತ್ರ ತೆರೆದುಕೊಂಡು ಮಲಗಿದ್ದ ಚಿಗರಿಯ ಮರಿ. ಮುಟ್ಟಿದರೂ ಏಳಲಿಲ್ಲ, ಕೂಗಲಿಲ್ಲ. ನನ್ನ ಕೈಗೆ ಅದರ ಎದೆ ಬಡಿಯುವುದು ತಿಳಿಯುತ್ತಿತ್ತು. ಅಪ್ಪನನ್ನು ಕರೆದೆ. ಅವನು ಬಂದು ನಾಲ್ಕು ಮಾರು ದೂರದಲ್ಲೇ ನಿಂತ.

"ಮುಟ್ಟಬ್ಯಾಡ ಯವ್ವಾ. ಇದ್ದಲ್ಲೇ ಇರ್ಲಿ. ಬಾ ಈ ಕಡೆ."

"ಇದಕ್ಕ ಅವ್ವ ಇಲ್ಲಪಾ."

"ಇದ್ದೀತು."

"ಇಲ್ಲಾ. ಇದ್ದಿದ್ರ ಹಿಂಗ ಒಂದ ಬಿಟ್ಟ ಹೊಕ್ಕಿತ್ತೇನು? ಇದು ಪರದೇಸಿ ಐತಿ."

ಅಷ್ಟು ಅಂದದ್ದೇ ತಡ, ಅಳು ಬಂತು. ನಿಲ್ಲಿಸಲು ಬರಲಿಲ್ಲ. ಮಣ್ಣಿನಲ್ಲಿ ಕೂತು, ಕಡಲೆಯ ಹುಳಿ ಹತ್ತಿದ ಕೈಯಿಂದ ಕಣ್ಣು ಒರೆಸಿಕೊಂಡು, ಉರಿ ಹತ್ತಿ ಮತ್ತೂ ಅತ್ತೆ. ಅಪ್ಪ ಜಾಲಿ ಗಿಡದ ಕಡೆ ನೋಡಿದ. ನನ್ನ ಕಡೆ ನೋಡಿದ. ಮತ್ತೆ ಗಿಡದ ಕಡೆ ನೋಡಿದ. ಆಮೇಲೆ ತಲೆಯ ಪಟಗಾ ಬಿಚ್ಚಿ ನೆಲಕ್ಕೆ ಹಾಸಿದ. ಮರಿಯನ್ನು ಅದರಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಬರಿದಲೆಯಲ್ಲಿ ನನ್ನ ಮುಂದೆ ನಡೆದ. ಅಪ್ಪ ಬರಿದಲೆಯಲ್ಲಿ ಊರೊಳಗೆ ಬಂದದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಆಯಿ ಮರಿಯ ಹಣೆಗೆ ದೇವರ ಬೂದಿಯ ಅಂಗಾರ ಹಚ್ಚಿದಳು, ಕಾಲಿಗೆ ಕರಿದಾರ ಕಟ್ಟಿದಳು. ಆಡಿನ ಹಾಲಿನಲ್ಲಿ ಅರಿವೆಯ ಬತ್ತಿ ಅದ್ದಿ ಬಾಯಿಗಿಟ್ಟೆವು. ಮೊದಲ ದಿನ ಕುಡಿಯಲಿಲ್ಲ, ಎರಡನೇ ದಿನ ಕುಡಿಯಿತು. ಕಾಕಿ ಗೋಡೆಯಾಚೆಯಿಂದ ಶುರು ಮಾಡಿದಳು.

"ಈ ಮನ್ಯಾಗ ಚಿಗರಿಗಿ ಹಾಲು, ನನ್ನ ಮಕ್ಕಳಿಗೆ ನೀರಮಜ್ಜಿಗಿ!"

ಆದರೆ ಬತ್ತಿಯ ಅರಿವೆ ದಪ್ಪನಾಗಿ ಮರಿಗೆ ಚೀಪಲು ಆಗದಿದ್ದಾಗ, ತನ್ನ ಬಾಣಂತನದ ಮೆತ್ತನೆಯ ಸೀರೆಯ ತುಂಡನ್ನು ತಂದುಕೊಟ್ಟವಳೂ ಅವಳೇ. ಕೊಟ್ಟು, "ಹೆಸರ ಇಟ್ಟೀರೇನ ಮತ್ತ ನಿಮ್ಮ ಮಗಗ?" ಎಂದು ಮೂಗು ಮುರಿದಳು. ನಾನು ಗಿಡ್ಡ್ಯಾ ಎಂದು ಕರೆದೆ. ಅಪ್ಪ ಜಾಲಿಯ ಕೊಂಬೆ ಕಡಿದು, ಕೆತ್ತಿ, ಬಾಗಿಲ ಬಳಿ ಐದನೆಯ ಗೂಟ ಬಡಿದ.

ಆ ಎರಡು ವರ್ಷ ನಾನು ಒಬ್ಬಳೇ ಉಣ್ಣಲಿಲ್ಲ. ಇದಕ್ಕಿಂತ ದೊಡ್ಡದಾಗಿ ಅದನ್ನು ಹೇಳಲು ನನಗೆ ಬರುವುದಿಲ್ಲ. ಗಿಡ್ಡ್ಯಾ ಮೆಟ್ಟಿಲ ಮೇಲೆ ಮುಂಗಾಲಿಟ್ಟು ನಿಂತಿರುತ್ತಿದ್ದ. ರೊಟ್ಟಿಯ ಅಂಚು ಅವನಿಗೆ, ನಡು ನನಗೆ. ಸಾಲಿಗೆ ಹೊರಟರೆ ಹಿಂದೆಯೇ ಬಂದು, ಹೊರಗಿನ ಬೇವಿನ ಗಿಡದ ಕೆಳಗೆ ಮಧ್ಯಾಹ್ನದತನಕ ನಿಂತಿರುತ್ತಿದ್ದ. ಹುಡುಗರು ಕಲ್ಲು ಒಗೆದರೆ ನನ್ನ ಕವಣೆ ಇತ್ತು. ಕೈ ಹಿಡಿಯುವವರಿಲ್ಲದ ಹುಡುಗಿಯ ಹಿಂದೆ ಒಂದು ಕಾಡಪ್ರಾಣಿ ನಡೆದುಬರುತ್ತಿದೆ ಎಂಬ ಗತ್ತು ನನ್ನ ನಡಿಗೆಯಲ್ಲಿ ಬಂದಿತ್ತು. ಅವನಿಗೆ ಚಿಗರಿಗಳು ಗೊತ್ತಿರಲಿಲ್ಲ. ನಾವು ಗೊತ್ತಿದ್ದೆವು, ಎತ್ತುಗಳು ಗೊತ್ತಿದ್ದವು. ಹೊಲದಲ್ಲಿ ಹಿಂಡು ಕಂಡರೆ ಬೆದರಿ ನನ್ನ ಲಂಗದ ಹಿಂದೆ ಸರಿಯುತ್ತಿದ್ದ. ನಾನು ನಗುತ್ತಿದ್ದೆ.

ಕೊಂಬು ಬಂದವು. ಮೊದಲು ಬೆರಳುದ್ದ, ಆಮೇಲೆ ಗೇಣುದ್ದ, ತಿರುಪು ಬೀಳತೊಡಗಿ ಮೈ ಕಪ್ಪಾಯಿತು. ಹಿಂಡಿನ ಗಂಡು ಇನ್ನೊಂದು ಗಂಡಿನ ಜೊತೆ ಕಾದಾಡುವ ವಯಸ್ಸು ಅದು. ಇವನಿಗೆ ಹಿಂಡೇ ನಾವು, ಹಾಗಾಗಿ ಕಾದಾಟವೂ ನಮ್ಮ ಜೊತೆ. ಮೊದಲು ಕಾಕಾನನ್ನು ಗುದ್ದಿದ, ನಾವೆಲ್ಲ ನಕ್ಕೆವು. ಆಮೇಲೆ ಒಂದು ಮುಂಜಾನೆ ಬಾನಿಯಲ್ಲಿ ನೀರು ಹಾಕಲು ಬಗ್ಗಿದ ಆಯಿಯ ತೊಡೆಗೆ ಹಾಯ್ದ. ಕೊಂಬು ಸೀರೆ ಹರಿದು ಒಳಹೊಕ್ಕಿತ್ತು. ಆಯಿ ಕೂಗಲಿಲ್ಲ, ಎಮ್ಮೆಯ ಮೈಗೆ ಆತುಕೊಂಡು ಕುಸಿದಳು. ಕೂಗಿದವಳು ಕಾಕಿ. ಓಡಿ ಬಂದು, ಅರಿಶಿನ ಒತ್ತಿ, ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗೋಡೆ ಎದ್ದ ಮೇಲೆ ಅವರಿಬ್ಬರನ್ನು ಅಷ್ಟು ಹತ್ತಿರ ನಾನು ನೋಡಿರಲಿಲ್ಲ.

"ಭಾವಾರ, ಇವತ್ತ ಅದು ಹೋಗಬೇಕು," ಅಂದಳು ಅಪ್ಪನಿಗೆ. "ಇಲ್ಲಾಂದ್ರ ಈ ಮುದುಕಿ ಸತ್ತ ಹೊಕ್ಕಾಳ. ನನಗ ಜಗಳಾಡಾಕ ಯಾರ ಅದಾರು?"

ಅಪ್ಪ ಚಕ್ಕಡಿ ಹೂಡಿ ಗಿಡ್ಡ್ಯಾನನ್ನು ಹೊಲಕ್ಕೆ ಒಯ್ದ. ಹಿಂಡು ಕಾಣುವಲ್ಲಿ ಹಗ್ಗ ಬಿಚ್ಚಿದ. ನಾನೂ ಇದ್ದೆ. ಹಿಂಡಿನ ದೊಡ್ಡ ಗಂಡು ತಲೆಯೆತ್ತಿ ನಾಲ್ಕು ಹೆಜ್ಜೆ ಮುಂದೆ ಬಂತು. ಗಿಡ್ಡ್ಯಾ ಓಡಿಬಂದು ಎತ್ತುಗಳ ನಡುವೆ ನಿಂತ. ಚಕ್ಕಡಿ ತಿರುಗಿಸಿದರೆ ಅದರ ಬಾಜೂಕ್ಕೇ ನಡೆದು ಮನೆಗೆ ಬಂದ. ಎರಡನೇ ಸಲ ಅಪ್ಪ ಒಬ್ಬನೇ ಒಯ್ದು, ದೂರದ ಹಳ್ಳದಾಚೆ ಬಿಟ್ಟು ಬಂದ. ಮರುದಿನ ಗಿಡ್ಡ್ಯಾ ಊರಿನ ಅಂಚಿಗೆ ಬಂದಾಗ ನಾಯಿಗಳು ಹಿಡಿದವು. ಒಂದು ಕಿವಿ ಅರ್ಧ ಹರಿದಿತ್ತು. ರಕ್ತ ಸುರಿಸುತ್ತಾ ಬಂದು ತನ್ನ ಗೂಟದ ಹತ್ತಿರ ತಾನೇ ನಿಂತ, ಕಟ್ಟಿರಿ ಅನ್ನುವಂತೆ.

ಯಾರು ಹೇಳಿದರೋ, ಎರಡು ದಿನ ಬಿಟ್ಟು ಅರಣ್ಯ ಇಲಾಖೆಯ ಗಾರ್ಡ್ ಬಂದ. ಅವನೂ ಗೂಟಕ್ಕೆ ಎಡವಿಯೇ ಒಳಗೆ ಬಂದ.

"ಏನ್ರಿ ಯಜಮಾನ್ರ, ಚಿಗರಿ ಸಾಕೀರಂತ?"

"ಸಾಕಿಲ್ರಿ ಸಾಹೇಬ್ರ. ಇರಾಕ ಬಂದೈತಿ."

"ಕಟ್ಟಿ ಹಾಕೀರಿ, ಇರಾಕ ಬಂದೈತಿ ಅಂತೀರಿ!" ಎಂದು ಗಾರ್ಡ್ ನಕ್ಕ. ಒಳ್ಳೆಯ ಮನುಷ್ಯ. ಕೇಸು ಗೀಸು ಎಂದು ಹೆದರಿಸಲಿಲ್ಲ. ಮೆಟ್ಟಿಲ ಮೇಲೆ ಕೂತು ಆಯಿ ಕೊಟ್ಟ ಮಜ್ಜಿಗೆ ಕುಡಿದು, ಹರಿದ ಕಿವಿ ನೋಡಿ, ನನ್ನನ್ನು ಹತ್ತಿರ ಕರೆದ. "ಹಿಂಡಿಗೆ ಸೇರತೈತೇನವಾ ಇದು?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಹಂಗಾರ ಝೂದಾಗ ಇಡೂಣು. ಅಲ್ಲಿ ನಾಯಿ ಇಲ್ಲ, ಡಾಕ್ಟರ ಅದಾರು, ಹೊತ್ತಿಗೆ ಹುಲ್ಲು ನೀರು. ನೀ ಬಂದ ನೋಡಬಹುದು. ಆತಿಲ್ಲೊ?"

ಕಾಲು ಕಟ್ಟಿ, ಕಣ್ಣಿಗೆ ಅರಿವೆ ಸುತ್ತಿ ಜೀಪಿಗೆ ಹಾಕಿದರು. ಆಯಿ ಕುಂಟುತ್ತಾ ಬಂದು ಜೀಪಿನೊಳಗೆ ಕೈ ಚಾಚಿ ಅಂಗಾರ ಹಚ್ಚಿದಳು, ತನ್ನ ತೊಡೆ ಇರಿದವನಿಗೆ. ನಾನು ಅವತ್ತು ಅಳಲಿಲ್ಲ. ಎತ್ತುಗಳೆದುರು ಕೂತು ರೊಟ್ಟಿ ಮುರಿದೆ. ಅಂಚು ಉಳಿಯಿತು.

ಕಡಲೆ ಕಾಯಿ ಕಟ್ಟಿದ ಕಾಲಕ್ಕೆ ಅಪ್ಪ ನನ್ನನ್ನು ಕರೆದುಕೊಂಡು ಹೋದ. ಎರಡು ಬಸ್ಸು ಬದಲಿಸಿ ಹೋಗುವ ಊರಿನ ಸಣ್ಣ ಝೂ ಅದು. ಗಿಡ್ಡ್ಯಾನಿಗೆಂದು ಒಂದು ಹೊರೆ ಸುಲಗಾಯಿ, ಹಸಿ ಕಡಲೆಯ ಗಿಡ, ಕಟ್ಟಿಕೊಂಡಿದ್ದೆವು. ಬಾಗಿಲಲ್ಲೇ ಬೋರ್ಡಿತ್ತು, ಪ್ರಾಣಿಗಳಿಗೆ ಏನೂ ತಿನ್ನಿಸಬಾರದು. ಅದನ್ನು ಓದಿ ಅಪ್ಪನಿಗೆ ಹೇಳಿದವಳು ನಾನೇ. ಅಪ್ಪ ಹೊರೆಯನ್ನು ಗೇಟಿನ ಕಾವಲುಗಾರನ ಕಾಲ ಬಳಿ ಇಟ್ಟ. ಒಳಗೆ ತಂತಿಬೇಲಿಯ ದೊಡ್ಡ ಅಂಗಳದಲ್ಲಿ ಹತ್ತು ಹನ್ನೆರಡು ಚಿಗರಿಗಳು ಒಂದು ಮೂಲೆಗೆ ಗುಂಪಾಗಿದ್ದವು. ಇನ್ನೊಂದು ಮೂಲೆಗೆ, ಜನ ನಿಲ್ಲುವ ಕಡೆ, ತಂತಿಗೆ ಮೈ ಒತ್ತಿ ಒಬ್ಬನೇ ನಿಂತಿದ್ದವನ ಕಿವಿ ಅರ್ಧ ಹರಿದಿತ್ತು. ಯಾರು ಬಂದರೂ ಬರುತ್ತಿದ್ದ, ಯಾವ ಮಗು ಬೆರಳು ತೂರಿಸಿದರೂ ಮೂಸುತ್ತಿದ್ದ. ಜನರಿಗೆ ಖುಷಿಯೋ ಖುಷಿ. ನಾನು ಕರೆದೆ, ಬಂದ. ನನಗಾಗಿ ಬಂದನೋ, ಎಲ್ಲರಿಗೂ ಬರುವಂತೆ ಬಂದನೋ ತಿಳಿಯಲಿಲ್ಲ. ಕಸ ಗುಡಿಸುತ್ತಿದ್ದ ಕೆಲಸದವನು ಹೇಳಿದ.

"ಇದೊಂದ ಹಿಂಗ ನೋಡ್ರಿ. ಮಂದೀ ಹಂತ್ಯಾಕ ಬರತೈತಿ, ತನ್ನವರ ಹಂತ್ಯಾಕ ಹೋಗಂಗಿಲ್ಲ."

ಅಪ್ಪ ಬಹಳ ಹೊತ್ತು ತಂತಿ ಹಿಡಿದುಕೊಂಡು ನಿಂತ. ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ ಅಂದ, "ಹೊಟ್ಟಿಗಿ ಐತಿ. ನಾಯಿ ಇಲ್ಲ. ಮತ್ತೇನ ಬೇಕು?" ನನಗೆ ಹೇಳಿದ್ದಲ್ಲ ಅದು.

ಮರುವರ್ಷ ನಾನು ತಾಲೂಕಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋದೆ. ಸುತ್ತ ಕಂಪೌಂಡು, ಹೊತ್ತಿಗೆ ಅನ್ನ, ಆದಿತ್ಯವಾರ ಗೇಟಿನಲ್ಲಿ ಬಂದವರ ಮುಖ ನೋಡುವುದು. ಹೋಲಿಕೆ ಮಾಡಿ ಅತ್ತುಕೊಳ್ಳುವವಳಲ್ಲ ನಾನು. ಆ ಕಂಪೌಂಡಿನೊಳಗೆ ಕೂತು ಓದಿದ್ದಕ್ಕೇ ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಹೆಂಗಸಾದೆ, ಗಂಡಸರನ್ನೂ ಸೇರಿಸಿ ಮೊದಲ ಪದವೀಧರೆಯಾದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ರಜೆಗೆ ಊರಿಗೆ ಬಂದಾಗ ಓಣಿಯ ಹುಡುಗಿಯರು ಬೇಲಿಯ ಮೇಲೆ ಬಟ್ಟೆ ಹಾಕುತ್ತಾ ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು, ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಅದೂ ಖರೆ.

ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ವರ್ಷಕ್ಕೊಮ್ಮೆ ಮಕ್ಕಳನ್ನು ಝೂಗೆ ಕರೆದೊಯ್ಯುವುದು ನನ್ನ ಪಾಲಿಗೇ ಬರುತ್ತದೆ. ಬಂದ ಮೇಲೆ ಚರ್ಚಾಸ್ಪರ್ಧೆ, ಮೃಗಾಲಯ ಬೇಕೋ ಬೇಡವೋ. ಬೇಕು ಅನ್ನುವವರು ಸಂರಕ್ಷಣೆ ಅನ್ನುತ್ತಾರೆ, ಬೇಡ ಅನ್ನುವವರು ಸ್ವಾತಂತ್ರ್ಯ ಅನ್ನುತ್ತಾರೆ, ಇಬ್ಬರೂ ಬಾಯಿಪಾಠ ಮಾಡಿರುತ್ತಾರೆ. ತೀರ್ಪು ನಾನು ಕೊಡಬೇಕು. ಪ್ರತಿ ವರ್ಷ ಎರಡೂ ಕಡೆಗೆ ಸಮ ಅಂಕ ಹಾಕುತ್ತೇನೆ, ಸಹೋದ್ಯೋಗಿಗಳು ನಗುತ್ತಾರೆ. ನಾನು ಏನು ಮಾಡಲಿ? ಒಂದು ವರ್ಷ ತಂತಿಯ ಮುಂದೆ ಆಡು ಕಾಯುವವನ ಮಗಳೊಬ್ಬಳು ನನ್ನ ಸೆರಗು ಜಗ್ಗಿ ಹೇಳಿದಳು, "ಟೀಚರ್, ನಮ್ಮ ಹೊಲದಾಗ ಚಿಗರಿ ಬಂದ್ರ ಬರೇ ಓಡೂ ಬೆನ್ನ ಕಾಣತೈತ್ರಿ. ಕಣ್ಣ ಇವತ್ತ ನೋಡಿದ್ನಿ." ಆ ಮಗು ಇನ್ನು ಕಲ್ಲು ಬೀಸುವಾಗ ಒಂದು ಸಲ ತಡೆದೀತು ಎಂದು ನನಗೆ ಅನಿಸಿತು. ಆ ತಂತಿಗೆ ಅಷ್ಟಾದರೂ ಬೆಲೆ ಇದೆ. ಅದೇ ಹೊತ್ತಿಗೆ ಒಳಗೆ, ತಂತಿಯ ಗುಂಟ, ಹುಲ್ಲು ಹುಟ್ಟದ ಹಾಗೆ ತುಳಿದು ತುಳಿದು ಸವೆದ ಒಂದು ಕಾಲುದಾರಿ ಕಾಣುತ್ತಿತ್ತು. ಅದು ಎಲ್ಲಿಗೂ ಹೋಗದ ದಾರಿ. ಅದನ್ನು ನೋಡಿದ ಮೇಲೆ ಬೇಕು ಅನ್ನಲು ಬಾಯಿ ಬರುವುದಿಲ್ಲ. ಗಿಡ್ಡ್ಯಾನ ಮಟ್ಟಿಗೆ ನಾನು ಇಷ್ಟು ಬಲ್ಲೆ. ಅವನನ್ನು ಕೆಡಿಸಿದ್ದು ಝೂ ಅಲ್ಲ. ನಾವು ಕೆಡಿಸಿ ಕೊಟ್ಟದ್ದನ್ನು ಅವರು ಇಟ್ಟುಕೊಂಡರು, ಅಷ್ಟೇ. ಹಾಗೆಂದು ಅವನು ಅಲ್ಲಿ ಸುಖವಾಗಿದ್ದ ಅನ್ನುವ ಧೈರ್ಯ ನನಗಿಲ್ಲ.

ಕೆಡಿಸಿದವರು ಯಾರೆಂದು ನನಗೆ ತಿಳಿದದ್ದು ಧಾರವಾಡದಲ್ಲಿ, ಬಿಎಸ್ಸಿ ಎರಡನೇ ವರ್ಷ. ಪ್ರಾಣಿಶಾಸ್ತ್ರದ ಮೇಷ್ಟ್ರು ಪಾಠದ ನಡುವೆ ಸಹಜವಾಗಿ ಹೇಳಿಕೊಂಡು ಹೋದರು. ಕೃಷ್ಣಮೃಗದ ತಾಯಿ ಮರಿಯನ್ನು ಪೊದೆಯಲ್ಲೋ ಪೈರಿನಲ್ಲೋ ಅಡಗಿಸಿಟ್ಟು ದೂರದಲ್ಲಿ ಮೇಯುತ್ತದೆ. ಶತ್ರುವಿನ ಕಣ್ಣು ಮರಿಯ ಮೇಲೆ ಬೀಳದಿರಲೆಂದು ಹತ್ತಿರ ಸುಳಿಯುವುದಿಲ್ಲ, ಹೊತ್ತಿಗೆ ಬಂದು ಹಾಲೂಡಿಸಿ ಮತ್ತೆ ಹೋಗುತ್ತದೆ. ಬಿಟ್ಟುಹೋದಂತೆ ಕಾಣುವ ಮರಿ ಬಿಟ್ಟುಹೋದ ಮರಿಯಲ್ಲ. ಎಲ್ಲರೂ ಬರೆದುಕೊಂಡರು. ನನ್ನ ಪೆನ್ನು ನಿಂತಿತು. ಪಕ್ಕೆಗೆ ಕಲ್ಲು ಬಡಿದ ಸದ್ದು ಹತ್ತು ವರ್ಷದ ಮೇಲೆ ಮತ್ತೆ ಕೇಳಿತು.

ಆ ವಾರದ ಕೊನೆಗೆ ಮೊದಲು ಝೂಗೆ ಹೋದೆ. ಅದೇ ಕೆಲಸದವನು, ತಲೆ ನೆರೆತಿತ್ತು. ಹರಿದ ಕಿವಿಯದು ಎಂದ ಕೂಡಲೇ ಗುರುತು ಹಿಡಿದ. "ಹೋಗಿ ಎರಡ ವರ್ಷ ಆತವಾ. ಜಡ್ಡಿಗೆ ಬಿದ್ದಿತ್ತು. ಕಡೀತನಕಾ ಈ ಮೂಲ್ಯಾಗ, ಮಂದೀ ಕಡೇನ ನಿಂತಿರತಿತ್ತು." ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು, ಊರಿನ ಬಸ್ಸು ಹತ್ತಿದೆ.

ಮನೆಗೆ ಹೋದಾಗ ಅಪ್ಪ ಕೊಟ್ಟಿಗೆಯಲ್ಲಿ ಹಾರೆ ಹಿಡಿದು ಕೂತಿದ್ದ. ನೆಲಕ್ಕೆ ಫರಸಿ ಕಲ್ಲು ಹಾಕಿಸಲೆಂದು ಗೂಟಗಳನ್ನೆಲ್ಲ ಕೀಳುತ್ತಿದ್ದ. ನಾಲ್ಕು ಕಿತ್ತಾಗಿತ್ತು, ಅವನ್ನು ಮತ್ತೆ ಬಡಿಯಬೇಕು. ಐದನೆಯದನ್ನು ಕಿತ್ತು ಒಲೆಗೆ ಹಾಕುವುದೆಂದು ಕಾಕಿಯ ಜೊತೆ ಮಾತಾಗಿತ್ತಂತೆ. ಅದರ ಬುಡದ ಮಣ್ಣು ಬಿಡಿಸುತ್ತಿದ್ದ. ನಾನು ಚೀಲ ಕೆಳಗಿಡದೆಯೇ ಕೇಳಿದೆ.

"ಅಪ್ಪಾ, ಅವತ್ತ ಜಾಲಿ ಗಿಡದ ಬುಡಕ ನಿಂತದ್ದು ಗಿಡ್ಡ್ಯಾನ ಅವ್ವ ಹೌದಲ್ಲಪಾ?"

ಯಾವತ್ತು, ಯಾವ ಗಿಡ ಎಂದು ಅವನು ಕೇಳಲಿಲ್ಲ.

"ಹೌದು."

"ನಿನಗ ಅವತ್ತ ಗೊತ್ತಿತ್ತೇನು?"

"ಎರಿ ಹೊಲದಾಗ ಹುಟ್ಟಿದಂವಗ ಗೊತ್ತಿರೂದಿಲ್ಲೇನ ಯವ್ವಾ?"

"ಮತ್ತ ಪಟಗಾ ಯಾಕ ಹಾಸಿದಿ?"

ಅಪ್ಪ ಹಾರೆಯ ತುದಿಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಿಮ್ಮವ್ವ ಹ್ವಾದಾಗಿಂದ ನೀ ಅತ್ತಿದ್ದಿಲ್ಲ. ನಾಕ ವರ್ಷ. ನಾ ದಿನಾ ನೋಡತಿದ್ದೆ. ಅವತ್ತ ಮೊದಲನೇ ಸಲ ಅತ್ತಿ." ಗೂಟದ ತಲೆಯ ಮೇಲೆ ಕೈಯಿಟ್ಟು ಅಂದ, "ಅದರ ಅವ್ವನ್ನ ನೋಡ್ಲೋ, ನಿನ್ನ ನೋಡ್ಲೋ? ನಾ ಏನ ಮಾಡ್ಲಿ?"

ನಾನು ಮೆಟ್ಟಿಲ ಮೇಲೆ ಕೂತೆ. ಬೈಯಬೇಕೆಂದು ಬಂದವಳು. ಎತ್ತುಗಳನ್ನು ಹೊರಗೆ ಕಟ್ಟಿದ್ದರು, ಎದುರಿಗೆ ಅಪ್ಪನೊಬ್ಬನೇ ಇದ್ದ. ಅವನು ತಲೆಯೆತ್ತದೆ ಕೇಳಿದ.

"ಐತೇನ ಇನ್ನ ಗಿಡ್ಡ್ಯಾ?"

"ಐತಪಾ."

"ನೋಡಿ ಬಂದ್ಯಾ?"

"ನೋಡೇ ಬಂದೆ."

"ಗುರ್ತ ಹಿಡೀತು?"

"ಕರದ ಕೂಡ್ಲೇ ಬಂತು. ಹಿಂಡಿನ್ಯಾಗ ಇತ್ತು, ಬಿಟ್ಟ ಬಂತು."

ಅಪ್ಪ ನನ್ನ ಮುಖ ನೋಡಿದ. ನಂಬಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಾರೆ ಬದಿಗಿಟ್ಟ. ಬಿಡಿಸಿದ ಮಣ್ಣನ್ನೆಲ್ಲ ಎರಡೂ ಕೈಯಿಂದ ಗೂಟದ ಬುಡಕ್ಕೆ ಎಳೆದ.

"ಹಂಗಾರ ಇರ್ಲಿ ಗೂಟ," ಅಂದ.

ಗೋಡೆಯಾಚೆಯಿಂದ ಕಾಕಿಯ ದನಿ ಬಂತು. "ಭಾವಾರ, ಮತ್ತ ಬಿಟ್ರ್ಯಾ ಅದನ್ನ? ಎಡವಿ ಎಡವಿ ನನ್ನ ಕಾಲಬೆರಳ ಕಿತ್ತ ಬರೂತನಾ ಅದನ್ನ ನೀವು ಕೀಳಂಗಿಲ್ಲ!"

ಅಪ್ಪ ಎದ್ದು ನಿಂತು, ಗೂಟದ ಸುತ್ತಲಿನ ಮಣ್ಣನ್ನು ಬರಿಗಾಲಿನಿಂದ ತುಳಿದು ತುಳಿದು ಗಟ್ಟಿ ಮಾಡತೊಡಗಿದ.